ಎಕ್ಸಾಸ್ಟ್ ಬದಲಿಸಿದ ಮೇಲೆ ಕಾರು ಕಾಟ ಕೊಡುತ್ತಿದೆಯೇ? ಸೆನ್ಸರ್ ಕೊಳ್ಳುವ ಮೊದಲು ಲೀಕ್ ಹುಡುಕಿ

ಕಳೆದ ವರ್ಷ ನನ್ನ ಕಾರಿಗೆ ಹೊಸ ಹೆಡರ್ (ಸಿಲಿಂಡರ್‌ಗಳ ಹೊಗೆಯನ್ನು ಒಂದುಗೂಡಿಸಿ ಹೊರಗೆ ಒಯ್ಯುವ ಪೈಪ್‌ಗಳು) ಮತ್ತು ಸೈಲೆನ್ಸರ್ ಹಾಕಿಸಿದೆ. ಕಾರು 1.5 ಲೀಟರ್ ಪೆಟ್ರೋಲ್ ಸೆಡಾನ್, ನಾಲ್ಕು ಸಿಲಿಂಡರ್, ಬಿಎಸ್4. ಮೊದಲ ವಾರ ಖುಷಿಯೋ ಖುಷಿ. ಎರಡನೇ ವಾರದಿಂದ ಒಂದೊಂದಾಗಿ ಶುರುವಾಯಿತು. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬಾನೆಟ್ ಒಳಗಿಂದ ಟಿಕ್ ಟಿಕ್ ಸದ್ದು. ಲೀಟರಿಗೆ 16 ಕಿ.ಮೀ. ಕೊಡುತ್ತಿದ್ದ ಕಾರು 13ಕ್ಕೆ ಇಳಿಯಿತು. ಗುಂಡ್ಯದಿಂದ ಸಕಲೇಶಪುರದ ಕಡೆ ಶಿರಾಡಿ ಘಾಟ್ ಹತ್ತುವಾಗ ಮೂರನೇ ಗೇರಿನಲ್ಲಿ ಆರಾಮಾಗಿ ಏರುತ್ತಿದ್ದದ್ದು ಈಗ ಎರಡಕ್ಕೆ ಇಳಿಸಿದರೂ ಏದುಸಿರು ಬಿಡುತ್ತಿತ್ತು. ಕೊನೆಗೆ ಚೆಕ್ ಇಂಜಿನ್ ಲೈಟ್ ಹತ್ತಿತು.

ಹೆಡರ್ ಹಾಕಿದ ಅಂಗಡಿಯವರು ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಹೋಗಿದೆ ಎಂದರು. ನಾಲ್ಕೂವರೆ ಸಾವಿರ ಕೊಟ್ಟು ಹೊಸದು ಹಾಕಿಸಿದೆ. ನಾಲ್ಕೇ ದಿನ. ಲೈಟ್ ಮತ್ತೆ ಹತ್ತಿತು, ಅದೇ ದೋಷದ ಕೋಡ್. ಹಾಸನದ ನಮ್ಮ ಹಳೇ ಮೇಸ್ತ್ರಿ ಹತ್ತಿರ ಕಾರು ತಗೊಂಡು ಹೋದಾಗ ಅವರು ಸ್ಕ್ಯಾನರ್ ಮುಟ್ಟುವ ಮೊದಲೇ ಬಾನೆಟ್ ಎತ್ತಿ ಕಿವಿ ಕೊಟ್ಟರು. "ಸರ್, ಸೆನ್ಸರ್ ಸರಿಯಾಗೇ ಇದೆ. ಅದರ ಮೂಗಿಗೆ ಹೊರಗಿನ ಗಾಳಿ ಬೀಳ್ತಾ ಇದೆ. ಅದನ್ನೇ ಅದು ಹೇಳ್ತಿದೆ, ಪಾಪ."

ಎಕ್ಸಾಸ್ಟ್ ಬದಲಿಸಿದ ಮೇಲೆ ಕಾಣಿಸಿಕೊಳ್ಳುವ ತೊಂದರೆಗಳಲ್ಲಿ ಬಹಳಷ್ಟಕ್ಕೆ ಮೂಲ ಒಂದು ಜಾಯಿಂಟ್. ಬೆರಳ ತುದಿಗೂ ಸಿಗದಷ್ಟು ಸಣ್ಣ ಸಂದು. ಅದನ್ನು ಬಿಟ್ಟು ಬೇರೆಲ್ಲ ಬದಲಿಸಿದರೆ ದುಡ್ಡು ಹೋಗುತ್ತದೆ, ತೊಂದರೆ ಹೋಗುವುದಿಲ್ಲ. ಹಾಗಾಗಿ ಈ ಕೈಪಿಡಿಯಲ್ಲಿ ಲೀಕ್‌ಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಕೈ ಹಾಕುವ ಮೊದಲು

ಮುಚ್ಚಿದ ಗ್ಯಾರೇಜಿನಲ್ಲಿ, ಶಟರ್ ಎಳೆದ ಶೆಡ್ಡಿನಲ್ಲಿ ಇಂಜಿನ್ ಓಡಿಸಿ ಪರೀಕ್ಷೆ ಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ತಲೆನೋವು, ಓಕರಿಕೆ, ಮಂಪರು ಬಂದರೆ ತಕ್ಷಣ ಇಂಜಿನ್ ಆರಿಸಿ ಹೊರಗೆ ಬನ್ನಿ. ಹೊಸ ಪೈಪ್ ಹಾಕಿದ ಮೇಲೆ ಕಾರಿನೊಳಗೆ ಹೊಗೆ ವಾಸನೆ ಬರುತ್ತಿದ್ದರೆ ಇಲ್ಲಿ ಹೇಳಿರುವ ಉಳಿದೆಲ್ಲ ಕೆಲಸಕ್ಕಿಂತ ಮೊದಲು ಅದನ್ನು ನೋಡಿ. ಹೆಚ್ಚಾಗಿ ಎರಡೇ ಕಾರಣ: ಕಾರಿನ ನೆಲದ ಕೆಳಗಿನ ಜಾಯಿಂಟ್ ಲೀಕ್ ಆಗಿರುತ್ತದೆ, ಇಲ್ಲವೇ ಹಿಂದಿನ ಪೈಪಿನ ತುದಿ ಬಂಪರ್‌ನಿಂದ ಆಚೆ ಬರದೆ ಒಳಗೇ ನಿಂತಿರುತ್ತದೆ. ಓಡುವ ಕಾರಿನ ಹಿಂದೆ ಗಾಳಿ ಸುತ್ತು ಹಾಕುತ್ತದೆ. ಡಿಕ್ಕಿಯ ರಬ್ಬರ್ ಬೀಡಿಂಗ್ ಸವೆದಿದ್ದರೆ ಆ ಹೊಗೆ ವಾಪಸ್ ಒಳಗೆ ಬರುತ್ತದೆ. ಅದು ಸರಿಯಾಗುವ ತನಕ ಮಕ್ಕಳನ್ನು ಕೂರಿಸಿಕೊಂಡು ದೂರ ಹೋಗಬೇಡಿ.

ಕಾರಿನ ಅಡಿಗೆ ಹೋಗುವಾಗ ಬರೀ ಜಾಕ್ ನಂಬಬೇಡಿ. ಸ್ಟ್ಯಾಂಡ್ ಕೊಡಿ, ಅಥವಾ ರ‍್ಯಾಂಪ್ ಇರುವ ಗ್ಯಾರೇಜಿಗೆ ಹೋಗಿ.

ಇನ್ನೊಂದು ಮಾತು. ಹೊಸ ಹೆಡರ್ ಮೊದಲ ಹದಿನೈದಿಪ್ಪತ್ತು ನಿಮಿಷ ಹೊಗೆಯಾಡುತ್ತದೆ. ಅದರ ಮೇಲಿನ ಎಣ್ಣೆ, ಪೇಂಟ್, ಕೈಯ ಜಿಡ್ಡು ಸುಡುವ ಹೊಗೆ ಅದು. ಅದಕ್ಕೆ ಹೆದರಬೇಕಿಲ್ಲ. ಎರಡನೇ ದಿನವೂ ವಾಸನೆ ಬಂದರೆ ಮಾತ್ರ ಹುಡುಕಿ.

ಬೆಳಗಿನ ಟಿಕ್ ಟಿಕ್

ಇಂಜಿನ್ ತಣ್ಣಗಿದ್ದಾಗ ಟಿಕ್ ಟಿಕ್, ಹತ್ತು ನಿಮಿಷ ಓಡಿದ ಮೇಲೆ ಮಾಯ. ಹೀಗಿದ್ದರೆ ಮೊದಲ ಅನುಮಾನ ಹೆಡರ್ ಇಂಜಿನ್‌ಗೆ ಕೂರುವ ಮ್ಯಾನಿಫೋಲ್ಡ್ ಜಾಯಿಂಟ್ ಮೇಲೆ. ಕಬ್ಬಿಣ ಬಿಸಿಯಾದಾಗ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ, ಸದ್ದು ನಿಲ್ಲುತ್ತದೆ. ಬಹಳ ಜನ ಇದನ್ನು ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಸದ್ದು ಅಂದುಕೊಂಡು ಆಯಿಲ್ ಬದಲಿಸುತ್ತಾರೆ. ಟ್ಯಾಪೆಟ್ ಸದ್ದು ವಾಲ್ವ್ ಕವರ್ ಮೇಲಿನಿಂದ, ಲೋಹ ತಟ್ಟಿದ ಹಾಗೆ ಕೇಳುತ್ತದೆ. ಲೀಕ್ ಸದ್ದಿಗೆ ಒಂದು ಉಸಿರು ಇರುತ್ತದೆ, ಚುಸ್ ಚುಸ್ ಅಂತ. ಆಕ್ಸಿಲರೇಟರ್ ಒತ್ತಿದಾಗ ಅದು ಇನ್ನೂ ಜೋರಾಗುತ್ತದೆ.

ಯಾವ ಸಿಲಿಂಡರ್ ಬಳಿ ಎಂದು ತಿಳಿಯಲು ಕೆಲವರು ಓಡುತ್ತಿರುವ ಇಂಜಿನ್‌ನ ಇಗ್ನಿಷನ್ ಕಾಯಿಲ್ ಕನೆಕ್ಟರ್ ತೆಗೆಯುತ್ತಾರೆ. ಹಾಗೆ ಮಾಡಬೇಡಿ. ಉರಿಯದ ಪೆಟ್ರೋಲ್ ನೇರವಾಗಿ, ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತದೆ. ಅದರ (ಚಿಕ್ಕದಾಗಿ ಕ್ಯಾಟ್) ಒಳಗಿನ ಜೇನುಗೂಡಿನಂಥ ಭಾಗ ಕರಗುವಷ್ಟು ಕಾವು ಬರುತ್ತದೆ. ತೆಗೆಯುವುದಾದರೆ ಇಂಜೆಕ್ಟರ್ ಕನೆಕ್ಟರ್ ತೆಗೆಯಿರಿ. ಇಂಧನವೇ ಬರದಿದ್ದರೆ ಅಪಾಯವಿಲ್ಲ. ಯಾವುದನ್ನು ತೆಗೆದಾಗ ಟಿಕ್ ನಿಲ್ಲುತ್ತದೋ ಲೀಕ್ ಆ ಸಿಲಿಂಡರ್ ಬಳಿ ಇದೆ. ಈ ಪರೀಕ್ಷೆಯಿಂದ ಬೇರೆ ಕೋಡ್ ಒಂದು ಬಂದು ಕೂರುತ್ತದೆ, ಆಮೇಲೆ ಅಳಿಸಿದರಾಯಿತು.

ಹೊರಗೆ ಹೋಗುವ ಹೊಗೆ ಗಾಳಿಯನ್ನು ಒಳಗೆ ಎಳೆಯುವುದು ಹೇಗೆ?

ಈ ಪ್ರಶ್ನೆ ನನ್ನನ್ನು ತುಂಬ ಕಾಡಿತ್ತು. ಪೈಪಿನಲ್ಲಿ ಒತ್ತಡ ಇರುತ್ತೆ, ಸಂದು ಇದ್ದರೆ ಹೊಗೆ ಹೊರಗೆ ಬರಬೇಕು ಅಲ್ವಾ? ಬರುತ್ತದೆ ನಿಜ. ಆದರೆ ನಲ್ಲಿಯ ನೀರಿನ ಹಾಗೆ ಎಕ್ಸಾಸ್ಟ್ ಹೊಗೆ ಒಂದೇ ಸಮ ಹರಿಯುವುದಿಲ್ಲ. ಬಡಿತ ಬಡಿತವಾಗಿ ಬರುತ್ತದೆ. ನಾಲ್ಕು ಸಿಲಿಂಡರ್ ಇಂಜಿನ್‌ನಲ್ಲಿ ಇಂಜಿನ್ ಒಂದು ಸುತ್ತು ತಿರುಗಿದರೆ ಎರಡು ಬಡಿತ. ಆಕ್ಸಿಲರೇಟರ್ ಒತ್ತದೆ ಸುಮ್ಮನೆ ಓಡುವ 800 ಆರ್‌ಪಿಎಂ ಐಡಲ್‌ನಲ್ಲಿ ಸೆಕೆಂಡಿಗೆ ಸುಮಾರು 27. ಒಂದೊಂದು ಬಡಿತ ಮುಂದೆ ಹೋದ ಮೇಲೂ ಅದರ ಹಿಂದೆ ಕ್ಷಣಕಾಲ ಒತ್ತಡ ಹೊರಗಿನ ಗಾಳಿಗಿಂತ ಕೆಳಗೆ ಬೀಳುತ್ತದೆ. ಆಗ ಸಂದಿನಿಂದ ಗಾಳಿ ಒಳಗೆ ನುಗ್ಗುತ್ತದೆ. ಐಡಲ್‌ನಲ್ಲಿ ಹೊಗೆಯೇ ಕಡಿಮೆ. ಅದರಲ್ಲಿ ಈ ಗಾಳಿಯ ಪಾಲು ದೊಡ್ಡದಾಗುತ್ತದೆ.

ಲೀಕ್, ಕ್ಯಾಟ್‌ಗಿಂತ ಮುಂಚೆ ಕೂರುವ ಮುಂದಿನ ಆಕ್ಸಿಜನ್ ಸೆನ್ಸರ್‌ಗಿಂತ ಮೊದಲು ಇದ್ದರೆ ಆ ಗಾಳಿಯ ಆಮ್ಲಜನಕ ಸೆನ್ಸರ್‌ಗೆ ತಗಲುತ್ತದೆ. ಇಂಧನ ಕಡಿಮೆಯಾಗಿದೆ ಅಂತ ಅದು ಇಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುಗೆ ತಿಳಿಸುತ್ತದೆ. ಇಸಿಯು ಪೆಟ್ರೋಲ್ ಜಾಸ್ತಿ ಸುರಿಯುತ್ತದೆ. ಇಂಜಿನ್‌ಗೆ ನಿಜಕ್ಕೂ ಬೇಕಿದ್ದದ್ದು 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್, ತೂಕದ ಲೆಕ್ಕದಲ್ಲಿ. ಸಿಗುವುದು ಅದಕ್ಕಿಂತ ಜಾಸ್ತಿ. ಮೈಲೇಜ್ ಬೀಳುತ್ತದೆ, ಸ್ಪಾರ್ಕ್ ಪ್ಲಗ್ ತುದಿಗೆ ಒಣ ಮಸಿ ಕೂರುತ್ತದೆ, ಕ್ಯಾಟ್ ಬಿಸಿಯಾಗುತ್ತದೆ. ಇಸಿಯು ಇನ್ನು ಸೇರಿಸಲಾರದಷ್ಟು ಸೇರಿಸಿದ ಮೇಲೆ ಕೈ ಚೆಲ್ಲಿ ಪಿ0171 ಕೋಡ್ ಹಾಕುತ್ತದೆ. ಅದರ ಅರ್ಥ "ಮಿಶ್ರಣದಲ್ಲಿ ಇಂಧನ ಸಾಲದು" ಎಂದು. ಒಂದು ಕಡೆ ಕೋಡ್ ಇಂಧನ ಸಾಲದು ಎನ್ನುತ್ತದೆ, ಇನ್ನೊಂದು ಕಡೆ ಪ್ಲಗ್ ಇಂಧನ ಜಾಸ್ತಿಯಾಗಿ ಕಪ್ಪಾಗಿದೆ. ಈ ಎರಡೂ ಒಟ್ಟಿಗೆ ಕಂಡರೆ ಸೆನ್ಸರ್ ಕೊಳ್ಳಬೇಡಿ. ಲೀಕ್ ಹುಡುಕಿ.

ಲೀಕ್ ಹುಡುಕುವ ಬಗೆ

ರಾತ್ರಿಯಿಡೀ ನಿಂತು ತಣ್ಣಗಾದ ಕಾರು ಬೇಕು. ಬಿಸಿ ಇಂಜಿನ್‌ನಲ್ಲಿ ಸಂದು ಮುಚ್ಚಿಕೊಂಡಿರುತ್ತದೆ, ಕೈಯೂ ಸುಡುತ್ತದೆ.

ಮೊದಲು ಕಣ್ಣಿಂದ ನೋಡಿ. ಟಾರ್ಚ್ ಹಿಡಿದು ಒಂದೊಂದು ಜಾಯಿಂಟ್ ಸುತ್ತ ಕಪ್ಪು ಮಸಿಯ ಗೆರೆ ಹುಡುಕಿ. ಇಂಜಿನ್ ಹೆಡ್ ಮತ್ತು ಹೆಡರ್ ನಡುವಿನ ಪ್ಯಾಕಿಂಗ್, ಸೆನ್ಸರ್ ಕೂರುವ ತಿರುಪಿನ ಮರೆ (ಥ್ರೆಡ್), ಕ್ಯಾಟ್‌ನ ಎರಡೂ ಕಡೆಯ ಫ್ಲೇಂಜ್ (ಬೋಲ್ಟ್ ಹಾಕುವ ಚಪ್ಪಟೆ ಅಂಚು), ಬಾಗುವ ಫ್ಲೆಕ್ಸ್ ಪೈಪಿನ ಜಾಲರಿ, ಹೊಸ ವೆಲ್ಡಿಂಗ್. ಹೀಟ್ ಶೀಲ್ಡ್ ಇದ್ದರೆ ಬಿಚ್ಚಿ ನೋಡಿ, ಮಸಿ ಅದರ ಹಿಂದೆಯೇ ಅಡಗಿರುತ್ತದೆ.

ಆಮೇಲೆ ಇಂಜಿನ್ ಸ್ಟಾರ್ಟ್ ಮಾಡಿಸಿ. ಹಿಂದೆ ಒಬ್ಬರು ದಪ್ಪ ಒದ್ದೆ ಬಟ್ಟೆ ಹಿಡಿದು ಸೈಲೆನ್ಸರ್ ಬಾಯಿಯನ್ನು ಕೆಲವೇ ಸೆಕೆಂಡ್ ಅರ್ಧ ಮುಚ್ಚಲಿ. ಲೀಕ್ ಇದ್ದರೆ ಮುಂದೆ ಚುಸ್ ಸದ್ದು ಜೋರಾಗುತ್ತದೆ. ಹಚ್ಚಿದ ಊದುಬತ್ತಿಯನ್ನು ಜಾಯಿಂಟ್‌ಗಳ ಹತ್ತಿರ ನಿಧಾನವಾಗಿ ಸರಿಸಿ. ಪೆಟ್ರೋಲ್ ವಾಸನೆ ಇದ್ದರೆ ಊದುಬತ್ತಿ ಬೇಡವೇ ಬೇಡ. ಬತ್ತಿಯ ಹೊಗೆ ನೆಟ್ಟಗೆ ಏರುತ್ತಿದ್ದದ್ದು ಸಂದಿನ ಬಳಿ ನಡುಗುತ್ತದೆ, ಚದುರುತ್ತದೆ. ರೇಡಿಯೇಟರ್ ಫ್ಯಾನ್ ತಿರುಗುವ ಮೊದಲು ಈ ಕೆಲಸ ಮುಗಿಸಬೇಕು.

ನಮಗೆ ಉತ್ತರ ಕೊಟ್ಟದ್ದು ಮೂರನೆಯ ಉಪಾಯ, ಇಂಜಿನ್ ಆಫ್ ಮಾಡಿ ಮಾಡುವಂಥದ್ದು. ಮೇಸ್ತ್ರಿ ವ್ಯಾಕ್ಯೂಮ್ ಕ್ಲೀನರ್‌ನ ಗಾಳಿ ಊದುವ ಕಡೆಗೆ ಪೈಪ್ ಹಾಕಿ, ಅದಕ್ಕೆ ಬಟ್ಟೆ ಸುತ್ತಿ ಸೈಲೆನ್ಸರ್ ಬಾಯಿಗೆ ತುರುಕಿದರು. ಸ್ಪ್ರೇ ಬಾಟಲಿಯಲ್ಲಿ ಸೋಪಿನ ನೀರು. ಒಂದೊಂದು ಜಾಯಿಂಟ್‌ಗೆ ಹೊಡೆಯುತ್ತ ಬಂದರು. ಹಿಂದಿನದೆಲ್ಲ ಸುಮ್ನೆ ಒದ್ದೆಯಾಯಿತು ಅಷ್ಟೆ. ನಾಲ್ಕನೇ ಸಿಲಿಂಡರ್ ಪೋರ್ಟಿನ ಕೆಳಗಿನ ಸ್ಟಡ್ ಹತ್ತಿರ ಬಂದಾಗ ಸಣ್ಣ ಸಣ್ಣ ಗುಳ್ಳೆ ಎದ್ದವು. ಸಾಸಿವೆ ಕಾಳಿನಷ್ಟು, ಒಂದರ ಹಿಂದೆ ಒಂದು. ನಿಧಾನವಾಗಿ ನೊರೆಯಾಗಿ ಫ್ಲೇಂಜ್ ಅಂಚಿನಲ್ಲಿ ಸಾಲುಗಟ್ಟಿದವು. ಎರಡು ತಿಂಗಳು ನನ್ನನ್ನು ಅಲೆಸಿದ ದೋಷ ಅಲ್ಲಿ ಕಣ್ಣೆದುರಿಗೆ ನೊರೆಯಾಗಿ ಕೂತಿತ್ತು.

ಹೆಡರ್ ಬಿಚ್ಚಿದಾಗ ಕಾರಣ ಗೊತ್ತಾಯಿತು. ಹಳೇ ಪ್ಯಾಕಿಂಗನ್ನೇ ಮತ್ತೆ ಹಾಕಿದ್ದರು. ಅದರ ಮೇಲೆ ಸಿಲಿಕೋನ್ ಪೇಸ್ಟ್ ಮೆತ್ತಿದ್ದರು. ಹೆಡರ್‌ನ ಫ್ಲೇಂಜ್ ಮೇಲೆ ಉಕ್ಕಿನ ಸ್ಕೇಲ್ ನೆಟ್ಟಗೆ ಇಟ್ಟು ಸಂದು ಅಳೆಯುವ ಫೀಲರ್ ಗೇಜ್ ತುರುಕಿದರೆ ನಾಲ್ಕನೇ ಪೋರ್ಟಿನ ತುದಿಯಲ್ಲಿ 0.3 ಮಿ.ಮೀ. ಬ್ಲೇಡ್ ಸಲೀಸಾಗಿ ಒಳಗೆ ಹೋಯಿತು. ವೆಲ್ಡಿಂಗ್ ಕಾವಿಗೆ ಫ್ಲೇಂಜ್ ಬಾಗಿತ್ತು. ಅಗ್ಗದ ಹೆಡರ್‌ಗಳಲ್ಲಿ ಇದು ಮಾಮೂಲು. ಕೊಳ್ಳುವಾಗಲೇ ಸ್ಕೇಲ್ ಇಟ್ಟು ನೋಡಬೇಕಿತ್ತು.

ರಿಪೇರಿ ಇಷ್ಟು. ಮೆಷಿನ್ ಶಾಪಿನಲ್ಲಿ ಫ್ಲೇಂಜ್ ಫೇಸಿಂಗ್ ಮಾಡಿಸಿ ಮಟ್ಟ ಮಾಡಿದೆವು. ಹೊಸ ಉಕ್ಕಿನ ಪದರದ ಪ್ಯಾಕಿಂಗ್, ಹೊಸ ನಟ್‌ಗಳು. ಪೇಸ್ಟ್ ಇಲ್ಲ. ಸಾಮಾನ್ಯ ಸಿಲಿಕೋನ್ ಈ ಕಾವಿಗೆ ಸುಟ್ಟುಹೋಗುತ್ತದೆ, ಅದರ ಹಬೆ ಆಕ್ಸಿಜನ್ ಸೆನ್ಸರನ್ನೂ ಹಾಳು ಮಾಡುತ್ತದೆ. ನಟ್‌ಗಳನ್ನು ನಡುವಿನಿಂದ ಶುರು ಮಾಡಿ ಎರಡೂ ತುದಿಗೆ ಹೋಗುತ್ತ, ಮೂರು ಸುತ್ತಿನಲ್ಲಿ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಎಷ್ಟು ಬಿಗಿ ಎಂಬುದು ನಿಮ್ಮ ಕಾರಿನ ಸರ್ವೀಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಅಂದಾಜಿನ ಮೇಲೆ ಬಿಗಿದರೆ ಅಲ್ಯೂಮಿನಿಯಂ ಹೆಡ್‌ನ ಮರೆ ಕಿತ್ತು ಬರುತ್ತದೆ. ಒಂದು ಸಲ ಪೂರ್ತಿ ಬಿಸಿಯಾಗಿ ತಣ್ಣಗಾದ ಮೇಲೆ ಮತ್ತೊಮ್ಮೆ ರೆಂಚ್ ಹಾಕಿ ನೋಡಿ. ನನ್ನದರಲ್ಲಿ ಎರಡು ನಟ್ ಸಡಿಲವಾಗಿದ್ದವು.

ಸ್ಕ್ಯಾನರ್ ಇದ್ದರೆ ಏನು ನೋಡಬೇಕು

ಸಾವಿರ ರೂಪಾಯಿ ಆಸುಪಾಸಿನ ಇಸಿಯು ಓದುವ ಬ್ಲೂಟೂತ್ ಒಬಿಡಿ ಅಡಾಪ್ಟರ್ ಮತ್ತು ಮೊಬೈಲ್ ಆ್ಯಪ್ ಸಾಕು. ಕೋಡ್ ಓದಿ ಅಲ್ಲಿಗೇ ನಿಲ್ಲಬೇಡಿ. ಫ್ಯುಯೆಲ್ ಟ್ರಿಮ್ ನೋಡಿ. ಇಸಿಯು ತನ್ನ ಮೂಲ ಲೆಕ್ಕಕ್ಕಿಂತ ಎಷ್ಟು ಶೇಕಡಾ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವುದು ಅದು. ಶಾರ್ಟ್ ಟರ್ಮ್ ಕ್ಷಣಕ್ಷಣಕ್ಕೆ ಕುಣಿಯುತ್ತದೆ. ಲಾಂಗ್ ಟರ್ಮ್ ಕಲಿತುಕೊಂಡ ಅಭ್ಯಾಸ. ಲಾಂಗ್ ಟರ್ಮ್ ಹತ್ತರ ಒಳಗೆ, ಕೂಡಿದ್ದಾಗಲೀ ಕಳೆದದ್ದಾಗಲೀ, ಇದ್ದರೆ ಚಿಂತೆಯಿಲ್ಲ.

ನನ್ನ ಕಾರಿನಲ್ಲಿ ಐಡಲ್‌ನಲ್ಲಿ +19, 2500 ಆರ್‌ಪಿಎಂ ಹಿಡಿದಾಗ +8. ಈ ನಮೂನೆ ಮುಖ್ಯ. ಐಡಲ್‌ನಲ್ಲಿ ಜಾಸ್ತಿ, ರೇಸ್ ಮಾಡಿದಾಗ ಕಡಿಮೆ ಅಂದರೆ ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ಸೇರುತ್ತಿದೆ. ಅದು ಎಕ್ಸಾಸ್ಟ್ ಲೀಕ್ ಇರಬಹುದು, ಇಂಟೇಕ್ ಕಡೆಯ ವ್ಯಾಕ್ಯೂಮ್ ಪೈಪ್ ಸೀಳಿರಬಹುದು. ಹೆಡರ್ ಹಾಕುವಾಗ ಕೈ ತಗಲಿ ಇಂಟೇಕ್ ಪೈಪ್ ಕಳಚಿರುವುದೂ ಉಂಟು, ಅದನ್ನೂ ಒಮ್ಮೆ ಮುಟ್ಟಿ ನೋಡಿ. ತಿರುಗಾ ಮುರುಗಾ ಇದ್ದರೆ, ಅಂದರೆ ಐಡಲ್‌ನಲ್ಲಿ ಸರಿ, ಲೋಡ್ ಬಿದ್ದಾಗ ಟ್ರಿಮ್ ಏರುತ್ತದೆ ಎಂದಾದರೆ ಫ್ಯುಯೆಲ್ ಪಂಪ್, ಫಿಲ್ಟರ್ ಅಥವಾ ಏರ್‌ಫ್ಲೋ ಸೆನ್ಸರ್ ನೋಡಿ. ಎಕ್ಸಾಸ್ಟ್ ಬಿಚ್ಚುವ ಅಗತ್ಯವಿಲ್ಲ.

ಪಿ0135 ಅಥವಾ ಪಿ0141 ಬಂದರೆ ಸೆನ್ಸರ್ ಒಳಗಿನ ಹೀಟರ್ ಸರ್ಕ್ಯೂಟ್ ಕಡಿದಿದೆ. ಮುಂದಿನದಕ್ಕೆ ಮೊದಲನೆಯದು, ಹಿಂದಿನದಕ್ಕೆ ಎರಡನೆಯದು. ಹೆಡರ್ ಹಾಕಿದ ಮೇಲೆ ಸೆನ್ಸರ್ ಜಾಗ ಕೆಳಗೆ ಸರಿದಿರುತ್ತದೆ, ವೈರ್ ಎಳೆದು ಕಟ್ಟಿರುತ್ತಾರೆ. ಆ ವೈರ್ ಪೈಪಿಗೆ ತಾಗಿ ಕರಗಿರುತ್ತದೆ. ಮೊದಲು ವೈರ್ ನೋಡಿ, ಫ್ಯೂಸ್ ನೋಡಿ, ಆಮೇಲೆ ಸೆನ್ಸರ್.

ಪಿ0420: ಕ್ಯಾಟ್ ಕೆಲಸ ಸಾಲದು

ಹಿಂದಿನ ಆಕ್ಸಿಜನ್ ಸೆನ್ಸರ್ ಕ್ಯಾಟ್‌ನ ಕಾವಲುಗಾರ. ಸಾಮಾನ್ಯ ನ್ಯಾರೋಬ್ಯಾಂಡ್ (ಇಂಧನ ಜಾಸ್ತಿಯೋ ಕಡಿಮೆಯೋ ಎಂದಷ್ಟೇ ಹೇಳುವ) ಸೆನ್ಸರ್ ಇರುವ ಕಾರಿನಲ್ಲಿ ಮುಂದಿನದು 0.1ರಿಂದ 0.9 ವೋಲ್ಟ್ ನಡುವೆ ಸದಾ ಏರಿಳಿಯುತ್ತಿರಬೇಕು. ಕ್ಯಾಟ್ ಚೆನ್ನಾಗಿದ್ದರೆ ಹಿಂದಿನದು 0.6-0.7 ಹತ್ತಿರ ಹೆಚ್ಚು ಅಲುಗಾಡದೆ ನಿಲ್ಲುತ್ತದೆ. ಹಿಂದಿನದೂ ಮುಂದಿನದರ ಹಾಗೆಯೇ ಕುಣಿಯುತ್ತಿದ್ದರೆ ಕ್ಯಾಟ್ ಸತ್ತಿದೆ, ಅಥವಾ ಇಲ್ಲವೇ ಇಲ್ಲ. ಹೊಸ ಕಾರುಗಳಲ್ಲಿ ಮುಂದಿನದು ಎಷ್ಟು ಎಂದೂ ಅಳೆಯುವ ವೈಡ್‌ಬ್ಯಾಂಡ್ ಇರುತ್ತದೆ, ಅಲ್ಲಿ ಈ ವೋಲ್ಟೇಜ್ ಲೆಕ್ಕ ಹೊಂದುವುದಿಲ್ಲ. ಹಿಂದಿನದನ್ನು ಮಾತ್ರ ನೋಡಿ.

ಇಲ್ಲೂ ಮೊದಲು ಲೀಕ್. ಕ್ಯಾಟ್ ಮತ್ತು ಹಿಂದಿನ ಸೆನ್ಸರ್ ನಡುವಿನ ಫ್ಲೇಂಜ್ ಗಾಳಿ ಎಳೆದರೂ ಓದು ಕೆಡುತ್ತದೆ. ಅದು ಸರಿಯಿದ್ದೂ ಕೋಡ್ ಬಂದರೆ ಹಾಕಿರುವ ಕ್ಯಾಟ್ ನಿಮ್ಮ ಇಂಜಿನ್‌ಗೆ ಸಾಲದು. ಒಳಗೆ ಕೆಲಸ ಮಾಡುವುದು ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ. ಇವು ದುಬಾರಿ ಲೋಹಗಳು. ಅಗ್ಗದ ಕ್ಯಾಟ್‌ನಲ್ಲಿ ಇವುಗಳ ಲೇಪ ಕಡಿಮೆ ಇರುತ್ತದೆ.

ಅಂಗಡಿಗಳಲ್ಲಿ ಹಿಂದಿನ ಸೆನ್ಸರ್‌ಗೆ ಸಣ್ಣ ಸ್ಪೇಸರ್ ಹಾಕಿ, ಅದನ್ನು ಹೊಗೆಯಿಂದ ದೂರ ಸರಿಸಿ, ಲೈಟ್ ಆರಿಸಿಕೊಡುತ್ತೇವೆ ಅನ್ನುತ್ತಾರೆ. ದಯವಿಟ್ಟು ಒಪ್ಪಬೇಡಿ. ಲೈಟ್ ಆರುತ್ತದೆ, ವಿಷ ಆರುವುದಿಲ್ಲ. ನಮ್ಮ ಹಿಂದೆ ಸ್ಕೂಟರಿನಲ್ಲಿ ಬರುವವರು, ಸಿಗ್ನಲ್ಲಿನಲ್ಲಿ ಹೂವು ಮಾರುವವರು ಅದನ್ನು ಕುಡಿಯುತ್ತಾರೆ. ಕ್ಯಾಟ್ ಮ್ಯಾನಿಫೋಲ್ಡ್‌ಗೇ ಸೇರಿಕೊಂಡಿರುವ ಕಾರಾದರೆ ಹೆಡರ್ ಹಾಕುವುದು ಅಂದರೆ ಕ್ಯಾಟ್ ಕಿತ್ತು ಹಾಕುವುದು ಅಂತಲೇ ಅರ್ಥ. ಅಂಥ ಕಾರಿನಲ್ಲಿ ಹೆಡರ್ ಆಸೆ ಬಿಟ್ಟುಬಿಡಿ.

ಪಿಕಪ್ ಹೋಗಿದ್ದರೆ

ಲೀಕ್ ಸರಿಯಾದ ಮೇಲೆ ನನ್ನ ಮೈಲೇಜ್ ವಾಪಸ್ ಬಂತು. ಪಿಕಪ್ ಬರಲಿಲ್ಲ. ಇದು ಎರಡನೇ ದೋಷ, ಬೇರೆಯದೇ ಕಥೆ.

ದೊಡ್ಡ ಪೈಪ್ ಹಾಕಿದರೆ ಪವರ್ ಜಾಸ್ತಿ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ನನ್ನ ಕಾರಿನ ಮೂಲ ಪೈಪ್ 42 ಮಿ.ಮೀ. ಅಂಗಡಿಯವರು ಹಾಕಿದ್ದು ಎರಡೂವರೆ ಇಂಚು, ಅಂದರೆ 63 ಮಿ.ಮೀ. ಅಡ್ಡಳತೆ ಒಂದೂವರೆ ಪಟ್ಟು ಅನ್ನಿಸುತ್ತದೆ. ಹೊಗೆ ಹರಿಯುವ ಜಾಗ ಮಾತ್ರ ಎರಡೂಕಾಲು ಪಟ್ಟಾಗಿದೆ. ಅಷ್ಟೇ ಹೊಗೆ ಅಷ್ಟು ದೊಡ್ಡ ಜಾಗದಲ್ಲಿ ಹರಿದರೆ ವೇಗ ಬೀಳುತ್ತದೆ. ವೇಗವಾಗಿ ಹೋಗುವ ಹೊಗೆ ತನ್ನ ಹಿಂದಿನದನ್ನು ಎಳೆದುಕೊಂಡು ಹೋಗುತ್ತದೆ, ಸಿಲಿಂಡರ್ ಚೆನ್ನಾಗಿ ಖಾಲಿಯಾಗುತ್ತದೆ. ಆ ಎಳೆತ ಕಡಿಮೆಯಾದರೆ 1500ರಿಂದ 2500 ಆರ್‌ಪಿಎಂ ನಡುವೆ ಕಾರು ಸೊರಗುತ್ತದೆ. ಘಾಟಿಯಲ್ಲಿ, ಸಿಟಿಯಲ್ಲಿ ನಮಗೆ ಬೇಕಾದದ್ದು ಅದೇ ಜಾಗ. "ಇಂಜಿನ್‌ಗೆ ಬ್ಯಾಕ್ ಪ್ರೆಷರ್ ಬೇಕು" ಎಂದು ಕೆಲವರು ಇದನ್ನೇ ಹೇಳುತ್ತಾರೆ. ಬೇಕಾದದ್ದು ಪ್ರೆಷರ್ ಅಲ್ಲ, ಹೊಗೆಯ ವೇಗ.

ಹೆಡರ್ ಆಕಾರವೂ ಲೆಕ್ಕಕ್ಕೆ ಬರುತ್ತದೆ. ನಾಲ್ಕು ಸಿಲಿಂಡರ್ ಇಂಜಿನ್‌ಗಳಲ್ಲಿ ಸಾಮಾನ್ಯವಾಗಿ ಉರಿಯುವ ಕ್ರಮ 1-3-4-2. ನಾಲ್ಕು-ಎರಡು-ಒಂದು ಹೆಡರ್‌ನಲ್ಲಿ 1ನೇದು 4ರ ಜೊತೆ, 2ನೇದು 3ರ ಜೊತೆ ಸೇರಬೇಕು. ಆಗ ಒಂದು ಜೋಡಿಯ ಬಡಿತಗಳ ನಡುವೆ ಒಂದು ಪೂರ್ತಿ ಸುತ್ತಿನ ಅಂತರ ಸಿಗುತ್ತದೆ, ಒಂದಕ್ಕೊಂದು ಅಡ್ಡ ಬರುವುದಿಲ್ಲ. ಈ ನಮೂನೆ ಮಧ್ಯದ ಆರ್‌ಪಿಎಂಗೆ ಒಳ್ಳೆಯದು. ನಾಲ್ಕೂ ಒಂದೇ ಕಡೆ ಸೇರುವುದು ಮೇಲಿನ ಆರ್‌ಪಿಎಂಗೆ. ದಿನನಿತ್ಯದ ಕಾರಿಗೆ ಮೊದಲನೆಯದೇ ಸರಿ ಅನ್ನುವುದು ನನ್ನ ಅನುಭವ.

ಪೈಪ್ ಅಳತೆ ಸರಿಯಿದ್ದೂ ಪಿಕಪ್ ಇಲ್ಲದಿದ್ದರೆ ಎಲ್ಲೋ ಕಟ್ಟಿಕೊಂಡಿದೆ. ಬಾಗಿಸುವಾಗ ಪೈಪ್ ಚಪ್ಪಟೆಯಾಗಿರಬಹುದು, ಕ್ಯಾಟ್ ಒಳಗೆ ಕುಸಿದಿರಬಹುದು. ಮುಂದಿನ ಸೆನ್ಸರ್ ತೆಗೆದು ಆ ತೂತಿಗೆ ಪ್ರೆಷರ್ ಗೇಜ್ ಹಾಕಿ. ಐಡಲ್‌ನಲ್ಲಿ ಒಂದೂವರೆ ಪಿಎಸ್‌ಐ, 2500 ಆರ್‌ಪಿಎಂನಲ್ಲಿ ಮೂರು ಪಿಎಸ್‌ಐ ದಾಟಬಾರದು. ಇಂಟೇಕ್ ಕಡೆಗೆ ಹಾಕುವ ವ್ಯಾಕ್ಯೂಮ್ ಗೇಜ್ ಇದ್ದರೆ ಇನ್ನೂ ಸುಲಭ. 2500ರಲ್ಲಿ ಹಿಡಿದು ನಿಂತಾಗ ಮುಳ್ಳು ಮೆಲ್ಲಗೆ ಇಳಿಯುತ್ತಲೇ ಹೋದರೆ ದಾರಿ ಕಟ್ಟಿದೆ. ಇಲ್ಲೊಂದು ಎಚ್ಚರ. ಪುಸ್ತಕಗಳಲ್ಲಿ ಐಡಲ್‌ಗೆ 17ರಿಂದ 21 ಇಂಚು (ಪಾದರಸ) ಎಂದು ಕೊಟ್ಟಿರುವುದು ಸಮುದ್ರ ಮಟ್ಟದ ಲೆಕ್ಕ. ಸಾವಿರ ಅಡಿ ಏರಿದಂತೆ ಸುಮಾರು ಒಂದು ಇಂಚು ಕಡಿಮೆಯಾಗುತ್ತದೆ. ಬೆಂಗಳೂರು ಮೂರು ಸಾವಿರ ಅಡಿ ಎತ್ತರದಲ್ಲಿದೆ. ಮಂಗಳೂರಿನಲ್ಲಿ 19 ತೋರಿಸುವ ಕಾರು ಬೆಂಗಳೂರಿನಲ್ಲಿ 16 ತೋರಿಸಿದರೆ ದೋಷವಿಲ್ಲ.

ನಾನು ಕೊನೆಗೆ ಪೈಪನ್ನು ಎರಡು ಇಂಚಿಗೆ ಇಳಿಸಿದೆ.

ಹೈವೇಯಲ್ಲಿ ಗುಂಯ್ ಗುಂಯ್

ಊರೊಳಗೆ ಏನೂ ಇಲ್ಲ. ಹೈವೇಯಲ್ಲಿ 90-100ರ ವೇಗ ಹಿಡಿದರೆ ಕಿವಿ ಮುಚ್ಚಿದ ಹಾಗೆ ಗುಂಯ್ ಅನ್ನುತ್ತದೆ, ಮಾತು ಕೇಳಿಸುವುದಿಲ್ಲ. ಅರ್ಧ ಗಂಟೆಗೆ ತಲೆ ಸಿಡಿಯುತ್ತದೆ.

ಮೊದಲು ಪೈಪ್ ಎಲ್ಲೂ ಕಾರಿನ ಮೈಗೆ ತಾಗುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳಿ. ನೆಲಕ್ಕೆ, ಸೀಟಿಗೆ ಕೈ ಇಟ್ಟರೆ ನಡುಕ ಸಿಗುತ್ತಿದ್ದರೆ ತಾಗುತ್ತಿದೆ. ತಣ್ಣಗಿದ್ದಾಗ ಬೆರಳು ತೂರುವಷ್ಟು ಜಾಗ ಇದ್ದರೂ ನಂಬಬೇಡಿ. ಎರಡು ಮೀಟರ್ ಉದ್ದದ 304 ಸ್ಟೇನ್‌ಲೆಸ್ ಪೈಪ್ 300 ಡಿಗ್ರಿ ಬಿಸಿಯಾದರೆ ಸುಮಾರು 10 ಮಿ.ಮೀ. ಉದ್ದವಾಗುತ್ತದೆ. ಸಾದಾ ಕಬ್ಬಿಣದ್ದು 7ರಷ್ಟು. ಫ್ಲೆಕ್ಸ್ ಪೈಪ್ ತೆಗೆದು ನೇರ ಪೈಪ್ ವೆಲ್ಡ್ ಮಾಡಿದ್ದರೆ ಆ ಹಿಗ್ಗು ಎಲ್ಲಿಗೆ ಹೋಗಬೇಕು? ಹ್ಯಾಂಗರ್ ರಬ್ಬರ್ ಹರಿಯುತ್ತದೆ, ಇಲ್ಲವೇ ವೆಲ್ಡಿಂಗ್ ಸೀಳುತ್ತದೆ. ಫ್ಲೆಕ್ಸ್ ವಾಪಸ್ ಹಾಕಿಸಿ.

ನಡುಕವಿಲ್ಲದೆ ಬರೀ ಕಿವಿಗೆ ಹೊಡೆಯುವ ಸದ್ದಾದರೆ ಅದು ಕ್ಯಾಬಿನ್‌ನ ಅನುರಣನ. ಯಾವ ಆರ್‌ಪಿಎಂನಲ್ಲಿ ಅತಿ ಜೋರು ಎಂದು ಪಕ್ಕದವರಿಂದ ಬರೆಸಿಕೊಳ್ಳಿ. ಆರ್‌ಪಿಎಂ ಅನ್ನು 30ರಿಂದ ಭಾಗಿಸಿದರೆ ಹರ್ಟ್ಸ್ ಸಿಗುತ್ತದೆ, ನಾಲ್ಕು ಸಿಲಿಂಡರ್‌ಗೆ. ನನ್ನದು 2700, ಅಂದರೆ 90 ಹರ್ಟ್ಸ್. ಇದಕ್ಕೆ ಮದ್ದು, ಮುಖ್ಯ ಪೈಪಿಗೆ ಕವಲಾಗಿ ಸೇರಿಸಿ ತುದಿ ಮುಚ್ಚಿದ ಇನ್ನೊಂದು ಪೈಪ್. ಅದರೊಳಗೆ ಹೋಗಿ ಬಡಿದು ವಾಪಸ್ ಬರುವ ಸದ್ದು ಮೂಲ ಸದ್ದಿಗೆ ತದ್ವಿರುದ್ಧವಾಗಿ ಬಂದು ಅದನ್ನು ಅಳಿಸುತ್ತದೆ. ಉದ್ದದ ಲೆಕ್ಕ: ಬಿಸಿ ಹೊಗೆಯಲ್ಲಿ ಸದ್ದಿನ ವೇಗವನ್ನು ಹರ್ಟ್ಸ್‌ನ ನಾಲ್ಕು ಪಟ್ಟಿನಿಂದ ಭಾಗಿಸಿ. 300 ಡಿಗ್ರಿಯಲ್ಲಿ ವೇಗ ಸೆಕೆಂಡಿಗೆ ಸುಮಾರು 480 ಮೀಟರ್. 480ನ್ನು 360ರಿಂದ ಭಾಗಿಸಿದರೆ 1.33 ಮೀಟರ್. ಕಾರಿನಡಿ ಅಷ್ಟು ಉದ್ದಕ್ಕೆ ಜಾಗ ಇರುವುದಿಲ್ಲ, ಬಾಗಿಸಿ ಕೂರಿಸಬೇಕು. ಹತ್ತಿಪ್ಪತ್ತು ಸೆಂ.ಮೀ. ಉದ್ದ ಬಿಟ್ಟು ತುದಿಗೆ ಮುಚ್ಚಳ ಸರಿಸುವ ಹಾಗೆ ಇಟ್ಟುಕೊಂಡು, ಓಡಿಸಿ ನೋಡಿ, ಆಮೇಲೆ ವೆಲ್ಡ್ ಮಾಡಿಸಿ. ಪೈಪ್ ಎರಡು ಇಂಚಿಗೆ ಇಳಿಸಿ ಮಧ್ಯದಲ್ಲಿ ಒಂದು ರೆಸೊನೇಟರ್ (ಸದ್ದು ತಗ್ಗಿಸುವ ಡಬ್ಬಿ) ಸೇರಿಸಿದ್ದರಿಂದ ನನಗೆ ಇಷ್ಟೆಲ್ಲ ಬೇಕಾಗಲಿಲ್ಲ. ಜೊತೆಯಲ್ಲಿದ್ದ ಗೆಳೆಯನ ಕಾರಿಗೆ ಮಾಡಿದೆವು, ಸದ್ದು ತಗ್ಗಿತು.

ಇನ್ನು ಗಡಗಡ ಸದ್ದು. ಸಡಿಲವಾದ ಹೀಟ್ ಶೀಲ್ಡ್, ಹರಿದ ಹ್ಯಾಂಗರ್ ರಬ್ಬರ್. ಸೈಲೆನ್ಸರನ್ನು ಕೈಮುಷ್ಟಿಯಿಂದ ಗುದ್ದಿದಾಗ ಒಳಗೆ ಕಲ್ಲು ಆಡಿದ ಹಾಗೆ ಕೇಳಿದರೆ ಒಳಗಿನ ತಗಡು ಕಳಚಿದೆ, ಬದಲಿಸಿ. ಕ್ಯಾಟ್ ಹಾಗೆ ಆಡಿದರೆ ಕಾರು ಓಡಿಸಬೇಡಿ. ಚೂರುಗಳು ಹಿಂದೆ ಹೋಗಿ ದಾರಿ ಕಟ್ಟುತ್ತವೆ.

ಎಮಿಷನ್ ಟೆಸ್ಟ್ ಮತ್ತು ಕಾನೂನು

ಬಿಎಸ್4 ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಶೇ 0.3, ಹೈಡ್ರೋಕಾರ್ಬನ್ 200 ಪಿಪಿಎಂ ಮಿತಿ. ಫೇಲ್ ಆದರೆ ಚೀಟಿ ಬಿಸಾಡಬೇಡಿ, ಅದೂ ಒಂದು ಸುಳಿವು. ಎರಡೂ ಜಾಸ್ತಿ ಇದ್ದರೆ ಮಿಶ್ರಣದಲ್ಲಿ ಪೆಟ್ರೋಲ್ ಅತಿ ಜಾಸ್ತಿ, ಅಥವಾ ಕ್ಯಾಟ್ ಇಲ್ಲ. ಲ್ಯಾಂಬ್ಡಾ (ಬೇಕಾದ ಗಾಳಿಗೆ ಹೋಲಿಸಿದರೆ ಇರುವ ಗಾಳಿ) 1.03 ದಾಟಿದ್ದರೆ ಪೈಪಿನಲ್ಲಿ ಎಲ್ಲೋ ಹೊರಗಿನ ಗಾಳಿ ಬೆರೆಯುತ್ತಿರಬಹುದು. ಕ್ಯಾಟ್ ಕೆಲಸ ಶುರು ಮಾಡುವುದು ಸುಮಾರು 250-300 ಡಿಗ್ರಿ ಕಾವಿನಲ್ಲಿ. ಟೆಸ್ಟ್‌ಗೆ ಹೋಗುವ ಮೊದಲು ಕಾಲು ಗಂಟೆ ಓಡಿಸಿ.

ಸದ್ದು ಮತ್ತು ಹೊಗೆಯ ಮಾನದಂಡ ಮೀರಿದರೆ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 190(2) ಪ್ರಕಾರ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಆಗಬಹುದು. ಕ್ಯಾಟ್ ಉಳಿಸಿಕೊಂಡು, ಸದ್ದು ಕಂಪನಿಯ ಮಟ್ಟದಲ್ಲೇ ಇಟ್ಟುಕೊಂಡು ಕೆಲಸ ಮಾಡಿಸಿ. ಬಿಚ್ಚಿದ ಮೂಲ ಸೈಲೆನ್ಸರನ್ನು ಗುಜರಿಗೆ ಹಾಕಬೇಡಿ. ಅನುಮಾನ ಬಂದಾಗ ಅದನ್ನೇ ವಾಪಸ್ ಹಾಕಿ ನೋಡುವುದಕ್ಕಿಂತ ಒಳ್ಳೇ ಪರೀಕ್ಷೆ ಇಲ್ಲ.

ಕೋಡ್ ಅಳಿಸಿದ ಮೇಲೆ

ರಿಪೇರಿ ಮುಗಿದ ಕೂಡಲೇ ಕೋಡ್ ಅಳಿಸಿ ಗೆದ್ದೆವು ಅಂದುಕೊಳ್ಳಬೇಡಿ. ಅಳಿಸಿದಾಗ ಇಸಿಯು ತನ್ನ ಸ್ವಯಂ ಪರೀಕ್ಷೆಗಳನ್ನೂ ಮೊದಲಿನಿಂದ ಶುರು ಮಾಡುತ್ತದೆ. ಕ್ಯಾಟ್ ಪರೀಕ್ಷೆ ಮುಗಿಯಲು ಕೆಲವು ಕೋಲ್ಡ್ ಸ್ಟಾರ್ಟ್, ಸಿಟಿ ಓಟ, ಒಂದೇ ವೇಗದ ಹೈವೇ ಓಟ ಎಲ್ಲ ಬೇಕು. ಆ್ಯಪ್‌ನಲ್ಲಿ ರೆಡಿನೆಸ್ ಪುಟದಲ್ಲಿ ಎಲ್ಲವೂ ಪೂರ್ತಿ ಎಂದು ತೋರಿಸಿದ ಮೇಲೂ ಲೈಟ್ ಬರದಿದ್ದರೆ ಮಾತ್ರ ಕೆಲಸ ಮುಗಿದಂತೆ.

ನನ್ನ ಕಾರು ಹಾಸನ-ಬೆಂಗಳೂರು ಎರಡು ಸಲ ಓಡಾಡಿದ ಮೇಲೆ ಎಲ್ಲ ಪೂರ್ತಿಯಾಯಿತು. ಐಡಲ್‌ನಲ್ಲಿ ಲಾಂಗ್ ಟರ್ಮ್ ಟ್ರಿಮ್ +19 ಇದ್ದದ್ದು +3ಕ್ಕೆ ಬಂದು ನಿಂತಿದೆ. ಐನೂರು ಕಿ.ಮೀ. ಆದ ಮೇಲೆ ಒಂದು ಬೆಳಿಗ್ಗೆ ಮತ್ತೆ ಸೋಪಿನ ನೀರು ಹೊಡೆದು ನೋಡಿದೆ. ನಾಲ್ಕನೇ ಪೋರ್ಟಿನ ಬಳಿ ಒಂದು ಗುಳ್ಳೆಯೂ ಏಳಲಿಲ್ಲ.